ಸಣ್ಣ ಆದ ಅಂತ ಅಳಿಯನನ್ನು ಸೆಲೆಕ್ಷನ್ನಿಂದ ವಾಪಸ್ ಕಳಿಸಿದ್ರು, ಮೊಡ್ರಿಚ್ ಬಗ್ಗೆ ಸ್ವಲ್ಪ ಮಾತಾಡುವ ಬನ್ನಿ

ಕುಂಬ್ಳೆ_ಮಾವ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ.

ನನ್ನ ತಂಗಿಯ ಮಗ, ಹನ್ನೆರಡು ವರ್ಷ, ಏಳನೇ ಕ್ಲಾಸು, ಕನ್ನಡ ಮೀಡಿಯಂ. ಬಾಲ್ ಸಿಕ್ಕಿದ್ರೆ ಊಟ ಬೇಡ ಅವನಿಗೆ. ಮೊನ್ನೆ ಶನಿವಾರ ಒಂದು ಕಡೆ ಫುಟ್‌ಬಾಲ್ ಸೆಲೆಕ್ಷನ್ ಇತ್ತು, ಬೆಳಿಗ್ಗಿನ ಟ್ರೈನಲ್ಲಿ ಕರ್ಕೊಂಡು ಹೋದೆ. ತುಂಬ ಮಕ್ಕಳಿದ್ರು, ನಾಲ್ಕು ಗಂಟೆ ಬಿಸಿಲಲ್ಲಿ ಕಾದ ಮೇಲೆ ಇವನ ಗುಂಪನ್ನು ಕರೆದ್ರು, ಆರು ನಿಮಿಷ ಆಡಿಸಿದ್ರು, ಆಮೇಲೆ ಗೋಡೆಗೆ ಒರಗಿಸಿ ಎತ್ತರ ನೋಡಿದ್ರು. ಆಟ ಉಂಟು, ಮೈ ಇಲ್ಲ, ದೊಡ್ಡ ಆದ ಮೇಲೆ ಬಾ ಅಂದ್ರು. ಅಷ್ಟೇ. ಬರುವಾಗ ಟ್ರೈನಲ್ಲಿ ಅವ ಒಂದು ಮಾತೂ ಆಡ್ಲಿಲ್ಲ, ಬೂಟು ಬಿಚ್ಚಿ ಮಡಿಲಲ್ಲಿ ಇಟ್ಕೊಂಡು ಕಿಟಕಿ ಹೊರಗೆ ನೋಡ್ತಾ ಕೂತಿದ್ದ. ನಾನು ಬೂಟು ನೋಡಿದೆ, ಅಡಿಯಲ್ಲಿ ಸ್ಟಡ್ಡಿನ ಮಧ್ಯೆ ಮಣ್ಣೇ ಇರ್ಲಿಲ್ಲ. ಮುನ್ನಾ ದಿನ ಅವನೇ ಹಳೇ ಬ್ರಷ್ಷಲ್ಲಿ ತಿಕ್ಕಿ ತೊಳೆದದ್ದು ಹಾಗೇ ಇತ್ತು.

ಆ ರಾತ್ರಿ ಜಗಲಿಯಲ್ಲಿ ಕೂತು ಅವನಿಗೆ ಕ್ರೊವೇಷಿಯಾದ ಫುಟ್‌ಬಾಲ್ ಆಟಗಾರ ಲೂಕಾ ಮೊಡ್ರಿಚ್ ಕಥೆ ಹೇಳಿದೆ. ನಮ್ಮಲ್ಲಿ ಗೋಡೆ ಗೋಡೆಯಲ್ಲಿ ಮೆಸ್ಸಿ ನೇಮಾರ್ ರೊನಾಲ್ಡೊ ಇದ್ದಾರೆ, ಈ ಮನುಷ್ಯನ ಬಗ್ಗೆ ಮಕ್ಕಳಿಗೆ ಹೇಳುವವರು ಕಡಿಮೆ, ಅದಕ್ಕೆ ಇಲ್ಲಿಯೂ ಬರೀತೇನೆ.

ಹುಟ್ಟಿದ್ದು 1985ರ ಸಪ್ಟೆಂಬರ್ 9ಕ್ಕೆ, ಜಾದರ್ ಅಂತ ಸಮುದ್ರ ಬದಿಯ ಊರಲ್ಲಿ, ಆಗ ಅದು ಯುಗೊಸ್ಲಾವಿಯಾ, ಈಗ ಕ್ರೊವೇಷಿಯಾ. ಅಪ್ಪ ಅಮ್ಮ ಇಬ್ಬರೂ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು, ಹಾಗಾಗಿ ಹುಡುಗ ಹೆಚ್ಚು ಬೆಳೆದದ್ದು ಗುಡ್ಡೆ ಬುಡದಲ್ಲಿ ಅಜ್ಜನ ಕಲ್ಲಿನ ಮನೆಯಲ್ಲಿ. ಅಜ್ಜನ ಹೆಸರೂ ಲೂಕಾ. ಐದು ವರ್ಷದ ಪೋರ ಕೋಲು ಹಿಡ್ಕೊಂಡು ಆಡು ಅಟ್ಟಿಕೊಂಡು ಹೋಗುವ ಹಳೇ ವಿಡಿಯೋ ಒಂದುಂಟು, ಸಿಕ್ಕಿದ್ರೆ ನೋಡಿ, ಅದು ಇವನೇ. 1991ರಲ್ಲಿ ಯುದ್ಧ ಬಂತು. ಆ ಡಿಸೆಂಬರಲ್ಲಿ ಸರ್ಬ್ ಬಂಡುಕೋರರು ಅಜ್ಜನನ್ನು ಮನೆ ಹತ್ತಿರವೇ ಗುಂಡು ಹೊಡೆದು ಕೊಂದ್ರು, ಮನೆ ಸುಟ್ಟು ಹಾಕಿದ್ರು. ಹುಡುಗನಿಗೆ ಆರು ವರ್ಷ. ಆಮೇಲೆ ವರ್ಷಗಟ್ಟಲೆ ನಿರಾಶ್ರಿತರಾಗಿ ಜಾದರಿನ ಹೋಟೆಲುಗಳಲ್ಲಿ, ಮೊದಲು ಕೊಲೊವಾರೆ, ಮತ್ತೆ ಇಜ್. ಅಪ್ಪ ಸೈನ್ಯಕ್ಕೆ ಸೇರಿದ. ಮೇಲಿಂದ ಶೆಲ್ ಬೀಳುವಾಗ ಒಳಗೆ ಓಡುದು, ನಿಂತ ಕೂಡ್ಲೇ ಹೋಟೆಲಿನ ಪಾರ್ಕಿಂಗಲ್ಲಿ ಬಾಲ್ ಹೊಡೆಯುದು. ಬಾಂಬಿಗಿಂತ ಇವನ ಬಾಲಿಗೆ ಒಡೆದ ಗಾಜು ಜಾಸ್ತಿ ಅಂತ ಹೋಟೆಲಿನವರು ಹೇಳ್ತಿದ್ರಂತೆ.

ನಾನು ಮುಖ್ಯ ಹೇಳ್ಬೇಕಾದ್ದು ಇದು. ಆ ಭಾಗದ ದೊಡ್ಡ ಕ್ಲಬ್ಬು ಹೈಡುಕ್ ಸ್ಪ್ಲಿಟ್. ಜಾದರಿನ ಎಲ್ಲ ಮಕ್ಕಳ ಕನಸು ಅದು. ಅವರು ಇವನನ್ನು ನೋಡಿ ಬೇಡ ಅಂದ್ರು. ಸಣ್ಣ ಆದ, ಸಪೂರ ಆದ ಅಂತ. ನಮ್ಮವನಿಗೆ ಹೇಳಿದ್ದೇ ಮಾತು. ಊರಲ್ಲಿ ಟೋಮಿಸ್ಲಾವ್ ಬಾಶಿಚ್ ಅಂತ ಒಬ್ಬ ವಯಸ್ಸಾದ ಕೋಚ್ ಇದ್ದ, ಅವ ಬಿಡ್ಲಿಲ್ಲ. ಹುಡುಗನ ಕಾಲಿಗೆ ಮರದ್ದು ಶಿನ್ ಗಾರ್ಡ್, ಅಂದ್ರೆ ಮೊಣಕಾಲಿನ ಕೆಳಗೆ ಪೆಟ್ಟು ಬೀಳದ ಹಾಗೆ ಕಟ್ಟುವಂಥದ್ದು, ಅವನೇ ಕೆತ್ತಿ ಕೊಟ್ಟ. ಅಂಗಡಿಯದ್ದು ಅಲ್ಲ, ಮರದ್ದು. ಆಮೇಲೆ ಅವನ ಮೂಲಕವೇ 16ನೇ ವಯಸ್ಸಿಗೆ ದಿನಾಮೊ ಜಾಗ್ರೆಬ್ ಕ್ಲಬ್ಬಿಗೆ ಹೋದ್ದು. ಬಾಶಿಚ್ 2014ರಲ್ಲಿ ತೀರಿಕೊಂಡ, ಹೈಡುಕ್ ಬೇಡ ಅಂದ ಆ ಹುಡುಗ ರಿಯಲ್ ಮಾಡ್ರಿಡಿನ ಮಧ್ಯದಲ್ಲಿ ಆಡುದನ್ನು ನೋಡಿಯೇ ಹೋದ.

ಅಳಿಯ ಇಡೀ ಕಥೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದು, "ಮಾವ, ಮರದ್ದು ಆದ್ರೆ ಓಡುವಾಗ ಕಾಲಿಗೆ ತಾಗುದಿಲ್ವಾ?" ಅಂತ. ನಿಮಗೆ ಗೊತ್ತಿದ್ದದ್ದು ನೀವೂ ಹೇಳಿ, ನಾನು ಅವನಿಗೆ ಓದಿ ಹೇಳ್ತೇನೆ.

ಉಪ್ಪಳ_ಎಡಗಾಲು:
ಮಾವ, ಓದಿ ಬೇಜಾರಾಯ್ತು. ನಾನು ಹುಟ್ಟಾ ಅರ್ಜೆಂಟೀನಾ. 2018 ಜೂನ್ 21 ನನಗೆ ಸಾಯುವವರೆಗೆ ಮರೀಲಿಕ್ಕಿಲ್ಲ. ರಾತ್ರಿ ಹನ್ನೊಂದುವರೆಗೆ ಮ್ಯಾಚು, ಜೋರು ಮಳೆ, ಕ್ಲಬ್ಬಿನ ಶೀಟಿನ ಮಾಡಿನ ಅಡಿ ಪ್ರೊಜೆಕ್ಟರ್ ಇಟ್ಟು ನಾವು ಅರುವತ್ತು ಎಪ್ಪತ್ತು ಜನ, ಎಲ್ಲ ನೀಲಿ ಬಿಳಿ. ಮೊದಲ ಗೋಲು ನಮ್ಮ ಗೋಲಿಯ ತಪ್ಪಿಂದ ಹೋಯ್ತು, ಅದಕ್ಕೆ ಬೈದು ಮುಗಿಸಿ ಇನ್ನೂ ಸಮಯ ಉಂಟು ಅಂತ ಕೂತಿದ್ದೆವು, 80ನೇ ನಿಮಿಷಕ್ಕೆ ಈ ಮನುಷ್ಯ ಬಾಕ್ಸಿನ ಹೊರಗೆ ಬಾಲನ್ನು ಒಮ್ಮೆ ಆಚೆ ಒಮ್ಮೆ ಈಚೆ ದೂಡಿ ಹೊಡೆದ ನೋಡಿ, ಬಾಲ್ ಬಗ್ಗಿ ಹೋಗಿ ಮೂಲೆಗೆ. ಶೀಟಿನ ಮೇಲೆ ಮಳೆ ಬೀಳುವ ಶಬ್ದ ಬಿಟ್ರೆ ಒಳಗೆ ಒಂದು ಸ್ವರ ಇಲ್ಲ. ಕೊನೆಗೆ 3-0. ಹಿಂದಿನ ಸಾಲಲ್ಲಿ ಕೂತಿದ್ದ ಒಬ್ರು ಬ್ಯಾರಿ ಅಜ್ಜ, ಅವರೂ ಅರ್ಜೆಂಟೀನಾವೇ, ಮೆಲ್ಲ ಕೈ ತಟ್ಟಿದ್ರು. ನನಗೆ ಆ ಹೊತ್ತಿಗೆ ಸಿಟ್ಟು ಬಂದಿತ್ತು, ಈಗ ಅರ್ಥ ಆಗ್ತದೆ.

ಆ ವರ್ಲ್ಡ್ ಕಪ್ಪಲ್ಲಿ ಅವರು ಡೆನ್ಮಾರ್ಕ್, ರಷ್ಯಾ, ಇಂಗ್ಲೆಂಡ್ ಮೂರೂ ಮ್ಯಾಚು 120 ನಿಮಿಷ ಆಡಿ ಗೆದ್ದದ್ದು. ಡೆನ್ಮಾರ್ಕ್ ಜೊತೆ ಎಕ್ಸ್‌ಟ್ರಾ ಟೈಮ್ ಮುಗೀಲಿಕ್ಕೆ ನಾಲ್ಕು ನಿಮಿಷ ಇರುವಾಗ ಮೊಡ್ರಿಚ್ ಪೆನಾಲ್ಟಿ ಹೊಡೆದದ್ದನ್ನು ಅವರ ಗೋಲಿ ಶ್ಮೈಕೆಲ್ ಹಿಡಿದ. ಬೇರೆ ಯಾರಾದ್ರೂ ಆಗಿದ್ರೆ ಶೂಟೌಟಲ್ಲಿ ಮುಖ ಅಡಗಿಸಿ ಹಿಂದೆ ನಿಲ್ತಿದ್ರು. ಇವ ಪುನಃ ಬಂದ, ಹೊಡೆದ, ಗೋಲು. ಅಳಿಯನಿಗೆ ಇದನ್ನು ಹೇಳಿ, ನೀವು ಹೇಳಿದ ಕಥೆಯಷ್ಟೇ ಇದೂ ಮುಖ್ಯ. ಫೈನಲ್ ಫ್ರಾನ್ಸಿಗೆ 4-2 ಹೋಯ್ತು, ಆದ್ರೆ ಟೂರ್ನಮೆಂಟಿನ ಬೆಸ್ಟ್ ಪ್ಲೇಯರಿಗೆ ಕೊಡುವ ಗೋಲ್ಡನ್ ಬಾಲ್ ಇವನಿಗೇ. ಮಳೆಯಲ್ಲಿ ನೆನೆದುಕೊಂಡು ಆ ಟ್ರೋಫಿ ಹಿಡಿದು ನಿಂತ ಮುಖ ನೋಡಿ, ಒಂದು ಚೂರು ನಗೆ ಇಲ್ಲ.

ಬದಿಯಡ್ಕ_ಮಾಷ್ಟ್ರು:
ನಾನು ಶಾಲೆಯಲ್ಲಿ ಪೀಟಿ ಮಾಷ್ಟ್ರಾಗಿ ಇಪ್ಪತ್ತು ವರ್ಷದ ಮೇಲಾಯ್ತು. ಈ ಮೈ ನೋಡಿ ಆರಿಸುವ ವಿಷಯದಲ್ಲಿ ನನಗೆ ತುಂಬ ಸಂಕಟ ಉಂಟು, ಹೇಳಿಯೇ ಬಿಡ್ತೇನೆ.

ಹನ್ನೆರಡು ಹದಿಮೂರು ಅಂದ್ರೆ ಮಕ್ಕಳ ಮೈ ಒಂದೊಂದು ಒಂದೊಂದು ರೀತಿ. ಒಬ್ಬನಿಗೆ ಮೀಸೆ ಚಿಗುರಿರ್ತದೆ, ಪಕ್ಕದವ ಇನ್ನೂ ಕೂಸು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಲ್ಲಿ ಹುಟ್ಟಿದವನೂ ಒಂದೇ ಗುಂಪು, ಆ ಪ್ರಾಯದಲ್ಲಿ ಹನ್ನೊಂದು ತಿಂಗಳು ಅಂದ್ರೆ ಸಣ್ಣ ವ್ಯತ್ಯಾಸ ಅಲ್ಲ. ಸೆಲೆಕ್ಷನ್ನಲ್ಲಿ ನಾವು ಆಟ ಆರಿಸ್ತೇವೆ ಅಂತ ಎಣಿಸ್ತೇವೆ, ನಿಜವಾಗಿ ಆರಿಸುದು ಮೊದಲು ಬೆಳೆದವನನ್ನು. ದೊಡ್ಡ ಮೈಯವ ದೂಡಿಕೊಂಡು ಹೋಗಿ ಗೋಲು ಹಾಕ್ತಾನೆ, ಹದಿನೇಳಕ್ಕೆ ಎಲ್ಲರೂ ಅವನಷ್ಟೇ ಆದಾಗ ಅವನ ಹತ್ತಿರ ದೂಡುದು ಬಿಟ್ಟು ಬೇರೆ ವಿದ್ಯೆ ಇರುದಿಲ್ಲ. ಸಣ್ಣವ ದೂಡ್ಲಿಕ್ಕೆ ಆಗುದಿಲ್ಲ ಅಂತ ತಲೆ ಓಡಿಸಿ ಕಲ್ತಿರ್ತಾನೆ, ಆದ್ರೆ ಅವನನ್ನು ನಾವು ಮನೆಗೆ ಕಳಿಸಿ ಆಗಿರ್ತದೆ. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಈಗ ಕೆಲವು ಟೂರ್ನಮೆಂಟನ್ನು ಪ್ರಾಯದ ಲೆಕ್ಕ ಬಿಟ್ಟು ಬೆಳವಣಿಗೆಯ ಲೆಕ್ಕದಲ್ಲಿ ಗುಂಪು ಮಾಡಿ ಆಡಿಸ್ತಾರೆ. ನಮ್ಮಲ್ಲಿ ಗೋಡೆ, ಟೇಪು.

ಮೊಡ್ರಿಚ್ ಎಷ್ಟು ಎತ್ತರ? 172 ಸೆಂಟಿಮೀಟರ್. ನಮ್ಮ ಪೇಟೆಯಲ್ಲಿ ಹತ್ತು ಜನ ಗಂಡಸರನ್ನು ನಿಲ್ಲಿಸಿದ್ರೆ ಅರ್ಧಕ್ಕರ್ಧ ಜನ ಆಸುಪಾಸು ಅಷ್ಟೇ ಇರ್ತಾರೆ.

ಅವನ ಆಟ ಮಕ್ಕಳಿಗೆ ತೋರಿಸುವಾಗ ನಾನು ಬಾಲ್ ನೋಡ್ಬೇಡಿ ಅಂತೇನೆ. ಬಾಲ್ ಅವನ ಹತ್ತಿರ ಬರುವ ಮೊದಲು ಅವನ ಕುತ್ತಿಗೆ ನೋಡಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಹಿಂದಕ್ಕೊಮ್ಮೆ, ಗದ್ದೆ ಬದಿ ಕೊಕ್ಕರೆ ನೋಡಿದ ಹಾಗೆ. ಬಾಲ್ ಕಾಲಿಗೆ ಮುಟ್ಟುವ ಮೊದಲೇ ಎಲ್ಲಿಗೆ ಕೊಡ್ಬೇಕು ಅಂತ ತೀರ್ಮಾನ ಆಗಿರ್ತದೆ. ದೊಡ್ಡ ಮೈಯವ ಬಂದು ಹಾರುವಷ್ಟರಲ್ಲಿ ಇವ ಅಲ್ಲಿ ಇಲ್ಲ. ಇದನ್ನು ಕಲೀಲಿಕ್ಕೆ ಎತ್ತರ ಬೇಡ, ದುಡ್ಡೂ ಬೇಡ.

ಪೆರ್ಲ_ಅಕ್ಕ:
ಮಾಷ್ಟ್ರೇ ನೀವು ಹೇಳಿದ್ದು ನೂರಕ್ಕೆ ನೂರು. ನನ್ನ ದೊಡ್ಡ ಮಗನನ್ನು ಹೀಗೇ ಆರನೇ ಕ್ಲಾಸಲ್ಲಿ ಸಣ್ಣ ಅಂತ ವಾಪಸ್ ಕಳಿಸಿದ್ರು. ಆ ದಿನದ ಮತ್ತೆ ಅವ ಬಾಲ್ ಮುಟ್ಲಿಲ್ಲ. ನಾವೂ, ಓದ್ಲಿ ಅಂತ ಸುಮ್ಮನಾದೆವು. ಈಗ ಮಂಗ್ಳೂರಲ್ಲಿ ಡಿಗ್ರಿ ಮಾಡ್ತಿದ್ದಾನೆ, ಪೀಯೂಸಿಯಲ್ಲಿ ಒಂದೇ ವರ್ಷಕ್ಕೆ ಹೇಗೆ ಎತ್ತರ ಹೋದ ಅಂದ್ರೆ ಮೂರು ಸಲ ಪ್ಯಾಂಟು ಹೊಲಿಸಿದೆ, ಇವತ್ತು ಅಡಿಗೆಕೋಣೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಾನೆ. ಅವನ ಹಳೇ ಬೂಟು ಅಟ್ಟದಲ್ಲಿ ಗೋಣಿಯಲ್ಲಿ ಉಂಟು, ನಾನು ಯಾರಿಗೂ ಕೊಡ್ಲಿಲ್ಲ.

ಕುಂಬ್ಳೆಯ ಅಣ್ಣ, ದಯವಿಟ್ಟು ಅಳಿಯನನ್ನು ಮನೆಯಲ್ಲಿ ಕೂರಿಸ್ಬೇಡಿ. ಎಲ್ಲಾದ್ರೂ ಆಡ್ತಾ ಇರ್ಲಿ.

ಸೀದಾ_ಮಾತು:
ಎಲ್ಲರೂ ದೇವರು ಮಾಡುವ ಮೊದಲು ಇನ್ನೊಂದು ವಿಷಯವೂ ಇರ್ಲಿ. ಆಟಗಾರ ದೊಡ್ಡವ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಾಮಿಚ್ ಕೇಸು ಮರೀಬೇಡಿ. ಜ್ದ್ರಾವ್ಕೊ ಮಾಮಿಚ್ ದಿನಾಮೊದ ದೊಡ್ಡ ಕುಳ. 2008ರಲ್ಲಿ ಮೊಡ್ರಿಚ್ ಇಂಗ್ಲೆಂಡಿನ ಟೋಟನ್‌ಹ್ಯಾಮ್ ಕ್ಲಬ್ಬಿಗೆ ಮಾರಾಟ ಆದಾಗ ಅವನ ಪಾಲಿಗೆ ಬಂದ ದುಡ್ಡಿನ ದೊಡ್ಡ ಭಾಗ ಮಾಮಿಚ್ ಕುಟುಂಬಕ್ಕೆ ಹೋಯ್ತು ಅಂತ ಕೇಸು. 2017ರ ಜೂನಲ್ಲಿ ಓಸಿಯೆಕ್ ಕೋರ್ಟಲ್ಲಿ ಸಾಕ್ಷಿ ಹೇಳುವಾಗ ಮೊಡ್ರಿಚ್ ಮೊದಲು ಹೇಳಿದ್ದನ್ನು ಬದಲಿಸಿದ, ನೆನಪಿಲ್ಲ ಅಂದ. ಊರಿಗೆ ಊರೇ ತಿರುಗಿ ಬಿತ್ತು. ಅವ ಸಣ್ಣದಿರುವಾಗ ನಿರಾಶ್ರಿತನಾಗಿ ಇದ್ದ ಆ ಹೋಟೆಲ್ ಇಜ್ ಗೋಡೆಯಲ್ಲೇ ಯಾರೋ ಬರೆದ್ರು, ಲೂಕಾ, ಇದು ನಿನಗೆ ಒಂದು ದಿನ ನೆನಪಾದೀತು ಅಂತ. ಸುಳ್ಳು ಸಾಕ್ಷಿ ಅಂತ ಅವನ ಮೇಲೂ 2018ರ ಮಾರ್ಚಲ್ಲಿ ಕೇಸು ಹಾಕಿದ್ರು, ಆ ವರ್ಷವೇ ಅದು ಬಿದ್ದುಹೋಯ್ತು. ಮಾಮಿಚಿಗೆ ಆರುವರೆ ವರ್ಷ ಜೈಲು ಅಂತ ತೀರ್ಪು ಬಂತು, ಅವ ಬೋಸ್ನಿಯಾಕ್ಕೆ ಓಡಿದ. ಮಕ್ಕಳಿಗೆ ಕಥೆ ಹೇಳುವಾಗ ಇದನ್ನೂ ಹೇಳ್ಬೇಕು ಅಂತ ನನ್ನ ಅಭಿಪ್ರಾಯ.

ಕುಂಬ್ಳೆ_ಮಾವ:
ಹೇಳಿದ್ದು ಒಳ್ಳೇದಾಯ್ತು. ನಾನು ಅವನಿಗೆ ಇದನ್ನು ಹೇಳಿರ್ಲಿಲ್ಲ, ಹೇಳ್ತೇನೆ. ಆದ್ರೆ ನನಗೆ ಅದರಲ್ಲಿ ಕಾಣುದು ಏನಂದ್ರೆ, ಏನೂ ಇಲ್ಲದ ಮನೆಯ ಹುಡುಗನಿಗೆ ಮೊದಲ ಅನ್ನ ಹಾಕಿದವ ಅದೇ ಮಾಮಿಚ್. ದಿನಾಮೊ ಕೊಟ್ಟ ದೊಡ್ಡ ಕಾಂಟ್ರಾಕ್ಟಿನ ದುಡ್ಡಲ್ಲಿ ಮೊಡ್ರಿಚ್ ಮಾಡಿದ ಕೆಲಸ ಜಾದರಿನಲ್ಲಿ ಅಪ್ಪ ಅಮ್ಮನಿಗೆ ಫ್ಲಾಟು ತೆಗೆದದ್ದು. ಹೋಟೆಲ್ ರೂಮಿಂದ ಸ್ವಂತ ಮನೆಗೆ. ಅಂಥಾ ಕೈಯ ವಿರುದ್ಧ ಕೋರ್ಟಲ್ಲಿ ನಿಲ್ಲುದು ಎಷ್ಟು ಕಷ್ಟ ಅಂತ ಊಹೆ ಮಾಡ್ಬಹುದು. ಮಾಡಿದ್ದು ಸರಿ ಅಂತ ನಾನು ಹೇಳುದಿಲ್ಲ. ಮಕ್ಕಳನ್ನು ಮುಂದೆ ತರ್ತೇವೆ ಅಂತ ಬರುವವರು ಕಾಗದಕ್ಕೆ ಸಹಿ ಹಾಕಿಸುವಾಗ ಮನೆಯವರು ಓದಿ ನೋಡ್ಬೇಕು, ಅದು ನಮಗೂ ಲಾಗು ಆಗ್ತದೆ.

ತೆಂಕು_ಕಾಸರಗೋಡು:
ಇಷ್ಟು ದೂರದ ಕಥೆ ಹೇಳುವಾಗ ನಮ್ಮದೇ ಜಿಲ್ಲೆಯವನನ್ನು ಬಿಟ್ರೆ ಹೇಗೆ. ತೃಕ್ಕರಿಪುರದ ಮೊಹಮ್ಮದ್ ರಾಫಿ. ಇಂಡಿಯಾ ಟೀಮಿಗೆ ಆಡಿದವ. 2009-10ರ ಐ ಲೀಗಲ್ಲಿ ಮಹೀಂದ್ರ ಯುನೈಟೆಡಿಗೆ 14 ಗೋಲು. 2016 ಡಿಸೆಂಬರ್ 18ಕ್ಕೆ ಕೊಚ್ಚಿಯಲ್ಲಿ ಐಎಸ್‌ಎಲ್ ಫೈನಲ್, ಇವ ಆಗ ಕೇರಳ ಬ್ಲಾಸ್ಟರ್ಸಲ್ಲಿ, ಕಾರ್ನರ್ ಬಂತು, ಇವ ತಲೆ ಕೊಟ್ಟ, ಗೋಲು, ಇಡೀ ಸ್ಟೇಡಿಯಂ ಹಳದಿ ಸಮುದ್ರ ಎದ್ದ ಹಾಗೆ. ಕೊನೆಗೆ ಪೆನಾಲ್ಟಿಯಲ್ಲಿ ಕೊಲ್ಕತ್ತಾ ಗೆದ್ದದ್ದು ಬೇರೆ ವಿಷಯ. ತುಂಬ ಜನ 2014ರ ಫೈನಲಲ್ಲಿ ಕೊನೇ ಗಳಿಗೆಗೆ ಗೋಲು ಹಾಕಿದ್ದೂ ಇವನೇ ಅಂತ ತಪ್ಪು ತಿಳ್ಕೊಂಡಿದ್ದಾರೆ, ಅದು ಬಂಗಾಳದ ಮೊಹಮ್ಮದ್ ರಫೀಕ್. ಆ ವರ್ಷ ಇಬ್ಬರೂ ಕೊಲ್ಕತ್ತಾ ಟೀಮಲ್ಲೇ ಇದ್ರು, ಅದಕ್ಕೆ ಗೊಂದಲ.

ಇನ್ನೊಂದು. ಮೊಡ್ರಿಚನ್ನು ದಿನಾಮೊದವರು 18 ವರ್ಷಕ್ಕೆ ಬೋಸ್ನಿಯಾದ ಜ್ರಿನ್ಸ್ಕಿ ಮೊಸ್ತಾರಿಗೆ ಲೋನಲ್ಲಿ ಕಳಿಸಿದ್ದು. ಅಲ್ಲಿ ಗ್ರೌಂಡು ಗುಂಡಿ ಗುಂಡಿ, ಕಾಲು ನೋಡಿ ತುಳಿಯುವವರು. ಬೋಸ್ನಿಯಾ ಲೀಗಲ್ಲಿ ಆಡಿದವ ಎಲ್ಲಿಯೂ ಆಡ್ಬಹುದು ಅಂತ ಅವನೇ ಹೇಳಿದ್ದುಂಟು. ಆ ಸೀಸನ್ ಆ ಲೀಗಿನ ಬೆಸ್ಟ್ ಪ್ಲೇಯರ್ ಇವನೇ. ಏಳೇಳು ಜನ ಆಡುವ ನಮ್ಮ ಸೆವೆನ್ಸ್ ನೋಡಿದವರಿಗೆ ಇದು ಅರ್ಥ ಆಗ್ತದೆ, ಕೊಯ್ಲು ಆದ ಗದ್ದೆ, ಅಡಿಕೆ ಮರದ ಗ್ಯಾಲರಿ, ಲೈಟಿನ ಸುತ್ತ ಧೂಳು, ಆಫ್ರಿಕಾದಿಂದ ಬಂದ ಡಿಫೆಂಡರ್ ಎದುರು ನಮ್ಮ ಊರಿನ ಸಪೂರ ಹುಡುಗ. ಅಲ್ಲಿ ಕಾಲಡಿ ಬಾಲ್ ಇಟ್ಕೊಳ್ಳಿಕ್ಕೆ ಕಲ್ತವನಿಗೆ ಟರ್ಫಲ್ಲಿ ಆಡುದು ಸುಲಭ.

ದೋಹಾ_ಮುಳ್ಳೇರಿಯ:
ನಾನು ಇಲ್ಲಿ ಡ್ರೈವರ್ ಕೆಲಸದಲ್ಲಿ ಇದ್ದೇನೆ. 2022 ಡಿಸೆಂಬರ್ 9ಕ್ಕೆ ಎಜುಕೇಷನ್ ಸಿಟಿ ಸ್ಟೇಡಿಯಮಲ್ಲಿ ಬ್ರೆಜಿಲ್ ಕ್ರೊವೇಷಿಯಾ ಕ್ವಾರ್ಟರ್ ಫೈನಲ್, ನನಗೆ ಟಿಕೆಟು ಸಿಕ್ಕಿತ್ತು, ನಾನು ಹೋದ್ದು ಬ್ರೆಜಿಲ್ ಜೆರ್ಸಿ ಹಾಕಿ. ಊರಲ್ಲಿ ನಮ್ಮ ಇಡೀ ಮನೆ ಬ್ರೆಜಿಲ್. ಟಿವಿಯಲ್ಲಿ ಕ್ಯಾಮರಾ ಬಾಲಿನ ಹಿಂದೆ ಹೋಗ್ತದೆ, ಅಲ್ಲಿ ಕೂತ್ರೆ ಒಬ್ಬನನ್ನೇ ನೋಡ್ಬಹುದು. ನಾನು ಮೊದಲು ನೇಮಾರನನ್ನು ನೋಡ್ತಿದ್ದೆ, ಇಪ್ಪತ್ತು ನಿಮಿಷ ಆಗುವಾಗ ಕಣ್ಣು ತಾನಾಗಿ ಈ 37 ವರ್ಷದ ಮನುಷ್ಯನ ಮೇಲೆ ಹೋಯ್ತು. ಮಾಷ್ಟ್ರು ಹೇಳಿದ ಹಾಗೆ ಕುತ್ತಿಗೆ ತಿರುಗಿಸ್ತಾನೇ ಇರ್ತಾನೆ. ಒಂದು ಕಡೆ ತನ್ನ ಡಿಫೆಂಡರ್ ಕಷ್ಟದಲ್ಲಿ ಉಂಟು ಅಂತ ಕಂಡ ಕೂಡ್ಲೇ ಅವನ ಹತ್ತಿರ ಓಡಿ ಬಾಲ್ ಕೇಳ್ತಾನೆ. ಇನ್ನೊಂದು ಕಡೆಗೆ ಬಾಲ್ ಹೋದ್ರೆ ಅಲ್ಲಿಗೂ ಓಡ್ತಾನೆ. ಬೇರೆಯವರು ಬಾಲ್ ಬೇಡ ಅಂತ ದೂರ ನಿಲ್ಲುವ ಹೊತ್ತಿಗೆ ಇವ ಕೈ ಚಾಚಿ ತಾ ತಾ ಅಂತಾನೆ.

ಎಕ್ಸ್‌ಟ್ರಾ ಟೈಮಲ್ಲಿ ನೇಮಾರ್ ಗೋಲು ಹಾಕಿದಾಗ ನಾವು ಎದ್ದು ಕುಣಿದೆವು, ಮುಗೀತು ಅಂತ. 117ನೇ ನಿಮಿಷಕ್ಕೆ ಪೆಟ್ಕೊವಿಚ್ ಸಮ ಮಾಡಿದ. ಪೆನಾಲ್ಟಿಯಲ್ಲಿ ಕ್ರೊವೇಷಿಯಾದ ಮೂರನೆಯದ್ದು ಮೊಡ್ರಿಚ್, 120 ನಿಮಿಷ ಓಡಿದ ಕಾಲಲ್ಲಿ ಮೆಲ್ಲ ನಡ್ಕೊಂಡು ಬಂದು ಹಾಕಿ ಹೋದ. 4-2. ನನ್ನ ಪಕ್ಕ ಕೂತಿದ್ದ ಮಲಪ್ಪುರದ ಹುಡುಗ ಜೆರ್ಸಿಯಲ್ಲಿ ಮುಖ ಮುಚ್ಚಿ ಅಳ್ತಿದ್ದ, ನನಗೂ ಹೊಟ್ಟೆ ಉರೀತಿತ್ತು, ಆದ್ರೂ ಆ ಮನುಷ್ಯನ ಮೇಲೆ ಸಿಟ್ಟು ಬರ್ಲಿಲ್ಲ. ಸೆಮಿಯಲ್ಲಿ ಅರ್ಜೆಂಟೀನಾಕ್ಕೆ ಸೋತ್ರು, ಮೊರೊಕ್ಕೊವನ್ನು ಸೋಲಿಸಿ ಮೂರನೇ ಸ್ಥಾನ. ಲೆಕ್ಕ ಹಾಕಿ, ಇಡೀ ಕ್ರೊವೇಷಿಯಾ ದೇಶದ ಜನ 40 ಲಕ್ಷದ ಒಳಗೆ. ನಮ್ಮ ಜಿಲ್ಲೆಯೇ 13 ಲಕ್ಷ ಉಂಟು. ಮೂರು ಕಾಸರಗೋಡು ಸೇರಿದ್ರೆ ಆಗುವಷ್ಟು ದೇಶ ನಾಲ್ಕು ವರ್ಷದಲ್ಲಿ ಒಮ್ಮೆ ಫೈನಲ್ಲು, ಒಮ್ಮೆ ಸೆಮಿ.

ಉಪ್ಪಳ_ಎಡಗಾಲು:
ದೋಹಾ ಭಾವ, ಓದಿ ಮೈ ಜುಂ ಅಂತು. ಕ್ಲಬ್ಬಿನದ್ದೂ ಹೇಳಿಬಿಡುವ. 2012ರಲ್ಲಿ ಮಾಡ್ರಿಡಿಗೆ ಬಂದ ವರ್ಷವೇ ಮಾರ್ಕಾ ಪತ್ರಿಕೆಯ ಓದುಗರು ವೋಟು ಹಾಕಿ ಸೀಸನ್ನಿನ ಅತಿ ಕೆಟ್ಟ ಖರೀದಿ ಅಂದ್ರು. ಅದೇ ಮನುಷ್ಯ ಅಲ್ಲಿ 13 ಸೀಸನ್ ನಿಂತ, ಆರು ಚಾಂಪಿಯನ್ಸ್ ಲೀಗ್, ಒಟ್ಟು 28 ಕಪ್ಪು, ಆ ಕ್ಲಬ್ಬಿನ ಚರಿತ್ರೆಯಲ್ಲಿ ಅಷ್ಟು ಬೇರೆ ಯಾರಿಗೂ ಇಲ್ಲ. 2014ರ ಚಾಂಪಿಯನ್ಸ್ ಲೀಗ್ ಫೈನಲ್, 93ನೇ ನಿಮಿಷ, ರಾಮೋಸ್ ತಲೆಯಲ್ಲಿ ಹಾಕಿದ ಗೋಲು ಎಲ್ಲರಿಗೂ ನೆನಪುಂಟು, ಕಾರ್ನರ್ ಹೊಡೆದವ ಯಾರು ಕೇಳಿ. ವರ್ಷದ ಬೆಸ್ಟ್ ಪ್ಲೇಯರಿಗೆ ಕೊಡುವ ಬ್ಯಾಲನ್ ಡಿ ಓರ್ 2018ರಲ್ಲಿ ಇವನಿಗೆ, 2007ರ ಕಾಕಾ ಆದ ಮೇಲೆ ಮೆಸ್ಸಿ ರೊನಾಲ್ಡೊ ಬಿಟ್ಟು ಬೇರೆಯವರ ಕೈಗೆ ಹೋದ್ದು ಅದೇ ಮೊದಲು.

ಆದ್ರೆ ನನಗೆ ಎಲ್ಲಕ್ಕಿಂತ 2022ರ ಏಪ್ರಿಲಿನ ಚೆಲ್ಸಿ ಮ್ಯಾಚು. ನಮ್ಮಲ್ಲಿ ರಾತ್ರಿ ಹನ್ನೆರಡುವರೆಗೆ ಶುರು. ಮಾಡ್ರಿಡ್ ಸ್ವಂತ ಗ್ರೌಂಡಲ್ಲಿ 0-3, ಕತೆ ಮುಗಿಯುವ ಹಾಗಿತ್ತು. 80ನೇ ನಿಮಿಷ, ಎಡಬದಿಯಿಂದ ಬಲಗಾಲಿನ ಹೊರಬದಿಯಲ್ಲಿ ಒಂದು ಬಾಲ್ ಎತ್ತಿ ಕೊಟ್ಟ. ಎಲ್ಲ ಡಿಫೆಂಡರುಗಳ ತಲೆ ಮೇಲಿಂದ ಬಗ್ಗಿ ಬಂದು ಓಡ್ತಾ ಇದ್ದ ರೊಡ್ರಿಗೊನ ಕಾಲಿಗೆ ಸೀದಾ. ನಾನು ಮೊಬೈಲಲ್ಲಿ ಆ ತುಂಡನ್ನು ಎಷ್ಟು ಸಲ ನೋಡಿದ್ದೇನೆ ಗೊತ್ತಿಲ್ಲ. ಕಾಲಿನ ಒಳಬದಿಯಲ್ಲಿ ಕೊಡ್ಲಿಕ್ಕೆ ಹೋಗಿದ್ರೆ ಮೈ ತಿರುಗಿಸ್ಬೇಕಿತ್ತು, ಅಷ್ಟರಲ್ಲಿ ಜಾಗ ಮುಚ್ಚಿ ಹೋಗ್ತಿತ್ತು. ಸಣ್ಣ ಮೈಯವ ಸಮಯ ಉಳಿಸ್ಲಿಕ್ಕೆ ಕಲ್ತ ವಿದ್ಯೆ ಅದು.

2025ರಲ್ಲಿ ಮಾಡ್ರಿಡ್ ಬಿಟ್ಟು ಮಿಲಾನಿಗೆ ಹೋದ, ಆ ಸಪ್ಟೆಂಬರಿಗೆ 40 ತುಂಬಿತು, ಆಗಲೂ ಆಡ್ತಾನೇ ಇದ್ದ.

ಪೆರ್ಲ_ಅಕ್ಕ:
ನಿನ್ನೆ ರಾತ್ರಿ ಇದನ್ನೆಲ್ಲ ನನ್ನ ಮಗನಿಗೆ ಫೋನಲ್ಲಿ ಓದಿ ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ "ಅಮ್ಮ, ಆ ಗೋಣಿ ಇನ್ನೂ ಉಂಟಾ?" ಅಂತ ಕೇಳಿದ. ಉಂಟು ಅಂದೆ. ಅದರಲ್ಲಿದ್ದ ಶಿನ್ ಗಾರ್ಡು ಕುಂಬ್ಳೆಯ ಹುಡುಗನಿಗೆ ಆಗ್ತದಾ ನೋಡು ಅಂದ. ಕಳಿಸ್ಬೇಕಾ ಅಣ್ಣ? ಪ್ಲಾಸ್ಟಿಕಿನದ್ದು, ಒಳಗೆ ಸ್ಪಂಜು ಉಂಟು, ಕಾಲಿಗೆ ತಾಗುದಿಲ್ಲ.

ಬದಿಯಡ್ಕ_ಮಾಷ್ಟ್ರು:
ಕುಂಬ್ಳೆಯವರೇ, ಆದಿತ್ಯವಾರ ಬೆಳಿಗ್ಗೆ ಏಳರಿಂದ ಒಂಬತ್ತು ನಾನು ಶಾಲೆ ಗ್ರೌಂಡಲ್ಲಿ ಹದಿನೈದಿಪ್ಪತ್ತು ಮಕ್ಕಳನ್ನು ಆಡಿಸ್ತೇನೆ. ದುಡ್ಡಿಲ್ಲ, ಸರ್ಟಿಫಿಕೇಟೂ ಇಲ್ಲ. ಹುಡುಗರೂ ಹುಡುಗಿಯರೂ ಒಟ್ಟಿಗೆ. ಎತ್ತರ ಕೇಳುದಿಲ್ಲ. ಕುಂಬ್ಳೆಯಿಂದ ಬೆಳಿಗ್ಗಿನ ಬಸ್ಸಿಗೆ ಹತ್ತಿದ್ರೆ ಸಮಯಕ್ಕೆ ಮುಟ್ಟಬಹುದು. ಕರ್ಕೊಂಡು ಬನ್ನಿ.

ಕುಂಬ್ಳೆ_ಮಾವ:
ಮಾಷ್ಟ್ರೇ, ಏನು ಹೇಳ್ಬೇಕು ಗೊತ್ತಾಗುದಿಲ್ಲ. ಖಂಡಿತ ಬರ್ತೇವೆ. ಅಕ್ಕ, ಶಿನ್ ಗಾರ್ಡು ಬೇಕು, ನಾನೇ ಪೆರ್ಲಕ್ಕೆ ಬಂದು ತಗೊಳ್ತೇನೆ. ಇದನ್ನು ಬರೀವಾಗ ಅಳಿಯ ಅಂಗಳದಲ್ಲಿ ಹಲಸಿನ ಮರಕ್ಕೆ ಬಾಲ್ ಹೊಡೀತಿದ್ದಾನೆ, ಬಲಗಾಲಿನ ಹೊರಬದಿಯಲ್ಲಿ. ಹತ್ತರಲ್ಲಿ ಎಂಟು ತೋಡಿಗೆ ಹೋಗ್ತಾ ಉಂಟು, ಓಡಿ ಹೋಗಿ ತರ್ತಾನೆ. ಮಾಷ್ಟ್ರೇ, ಬಾಲ್ ನಾವು ತರ್ಬೇಕಾ?

ಬದಿಯಡ್ಕ_ಮಾಷ್ಟ್ರು:
ಬಾಲ್ ಉಂಟು. ಪಂಪ್ ಇದ್ರೆ ತನ್ನಿ, ನಮ್ಮದು ಹಾಳಾಗಿದೆ.